ನಿನ್ನ ಲೆಟರಿನ ಆ ಒಂದು ಸಾಲು

ಮಗನೇ,

ಕರ್ತನ ನಾಮದಲ್ಲಿ ನಿಮ್ಮಿಬ್ಬರಿಗೂ ವಂದನೆ. ನಿನ್ನ ಲೆಟರ್ ಮೂರು ಸಲ ಓದಿದೆ. ಪರ್ಮಿಟ್ ಆಯ್ತು, ಮನೆ ಸಿಕ್ತು, ಎಲ್ಲಾ ಖುಷಿನೇ, ಅದಕ್ಕೆಲ್ಲ ಇನ್ನೊಂದು ಸಲ ಬರೀತೀನಿ. ಕೊನೇಲಿ ಹೆಂಡತಿ ಬಗ್ಗೆ ಒಂದು ಸಾಲು ಹಾಕಿದೀಯಲ್ಲ, ಇವಳು ಈಗೀಗ ಜಾಸ್ತಿ ಮಾತಾಡಲ್ಲ, ಅಡ್ಜಸ್ಟ್ ಆಗ್ತಿದಾಳೆ ಅಂತ, ಅದು ನನ್ನ ಬಿಡ್ತಿಲ್ಲ ಕಣೋ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಟೈಪ್ ಮಾಡ್ತಿದೀನಿ. ಏನಾದ್ರೂ ಹೆಚ್ಚುಕಮ್ಮಿ ಬರೆದಿದ್ರೆ ಹೊಟ್ಟೆಗೆ ಹಾಕ್ಕೋ.

ನಾವು ಮಿಷನ್ ಸೇವೆಗೆ ಅಂತ ಜಾಂಬಿಯಾದ ಚಿಪಾಟದಲ್ಲಿ ಇಳಿದಾಗ ಮಿಷನ್ ಮನೇಲಿ ಒಂದು ದೊಡ್ಡ ಮರದ ಬೀರು ಇತ್ತು. ಮೊದಲನೇ ವಾರವೇ ನನ್ನ ಬಟ್ಟೆ, ಪುಸ್ತಕ ಎಲ್ಲಾ ಅದಕ್ಕೆ ಸೇರ್ತು. ನಿನ್ನ ದೊಡ್ಡಮ್ಮನ ಸೂಟ್‌ಕೇಸ್ ಮಾತ್ರ ಮಂಚದ ಕೆಳಗೇ ಇತ್ತು. ದಿನಾ ಬೆಳಿಗ್ಗೆ ಅದನ್ನ ಎಳೀತಿದ್ಲು, ಎರಡು ಕ್ಲಿಪ್ಪು ಟಕ್ ಟಕ್ ಅಂತಿತ್ತು, ಒಂದು ಸೀರೆ ತೆಗೆದು ಮತ್ತೆ ಮುಚ್ಚಿ ಕಾಲಲ್ಲಿ ಒಳಕ್ಕೆ ತಳ್ಳೋಳು. ಒಗೆದ ಸೀರೆನೂ ಮಡಚಿ ಅದರೊಳಗೇ. ಹದಿನಾಲ್ಕು ತಿಂಗಳು. ಬೀರುವಿನ ಅರ್ಧ ಭಾಗ ಖಾಲಿ ಬಿದ್ದಿತ್ತು, ಮನೆಗೆ ಬಂದೋರ ಮುಂದೆ ನಾನು ಅದನ್ನೇ ಜೋಕ್ ಮಾಡ್ತಿದ್ದೆ, ನಮ್ಮ ಮೇಡಂ ಇನ್ನೂ ಏರ್‌ಪೋರ್ಟಲ್ಲೇ ಇದಾರೆ ಅಂತ. ಎಲ್ಲರೂ ನಗ್ತಿದ್ರು, ಅವಳೂ ಒಂಚೂರು ನಗ್ತಿದ್ಲು, ಟೀ ತರೋಕೆ ಒಳಗೆ ಹೋಗೋಳು. ಈಗ ಆ ಟಕ್ ಟಕ್ ನೆನೆಸಿಕೊಂಡ್ರೆ ಊಟ ಸೇರಲ್ಲ.

ಆಮೇಲೆ ಆ ಪ್ರೇಯರ್ ಲೆಟರ್. ಮೂರು ತಿಂಗಳಿಗೊಂದು ಕಳಿಸಬೇಕಿತ್ತು, ಸಪೋರ್ಟ್ ಕೊಡೋ ಸಭೆಗಳಿಗೆ. ನಾವಿಬ್ಬರೂ ಕ್ಷೇಮವಾಗಿದ್ದೇವೆ, ಭಾಷೆ ಕಲಿಯುತ್ತಿದ್ದೇವೆ, ಜನ ಪ್ರೀತಿಯಿಂದ ಕಾಣುತ್ತಿದ್ದಾರೆ ಅಂತ ನಾನೊಬ್ಬನೇ ಕೂತು ಬರೀತಿದ್ದೆ, ಎಲ್ಲದಕ್ಕೂ ನಾವು ನಾವು ನಾವು. ಅವಳನ್ನ ಒಂದು ಸಲ ಕೇಳಲಿಲ್ಲ. ಭಾಷೆ ಕಲೀತಿದ್ದೋನು ನಾನು, ಅವಳು ಕಿಟಕಿ ಹತ್ರ ಕೂತಿರ್ತಿದ್ಲು. ನೀನೂ ಇವಾಗ ಅಡ್ಜಸ್ಟ್ ಆಗ್ತಿದಾಳೆ ಅಂತ ಬರೆದಿದೀಯ. ಅವಳು ಹೇಳಿದ್ದಾ, ನೀನು ಹೇಳಿದ್ದಾ?

ನಾವು ಸಂಡೇ ಸ್ಕೂಲಲ್ಲಿ ಇಂಗ್ಲೆಂಡಿಂದ ಬಂದ ಮಿಷನರಿ ವಿಲಿಯಂ ಕೇರಿ ಕಥೆ ಕೇಳಿ ಬೆಳೆದೋರು. 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣ ಅಚ್ಚು ಹಾಕಿಸಿದ ಮಹಾನುಭಾವರು. ಅವರ ಹೆಂಡತಿ ಡೊರೊಥಿ ಮೊದಲು ಬರೋಕೇ ಒಪ್ಪಿರಲಿಲ್ಲ, ಬಂಗಾಳಕ್ಕೆ ಬಂದ ಮಾರನೇ ವರ್ಷ 1794ರಲ್ಲಿ ಐದು ವರ್ಷದ ಮಗ ಪೀಟರ್ ಹೋಗ್ಬಿಟ್ಟ, ಆಮೇಲೆ ಆ ತಾಯಿಗೆ ಬುದ್ಧಿ ಸ್ಥಿಮಿತ ತಪ್ಪಿ 1807ರಲ್ಲಿ ತೀರಿಕೊಳ್ಳೋ ತನಕ ಹಾಗೇ ಇದ್ರು. ಇದನ್ನ ನಮಗೆ ಯಾವ ಟೀಚರೂ ಹೇಳಿರಲಿಲ್ಲ. ನೀನಿರೋ ಮಲಾವಿಯ ಬ್ಲಾಂಟೈರ್‌ಗೆ ಆ ಹೆಸರು ಬಂದಿದ್ದು ಆಫ್ರಿಕಾಕ್ಕೆ ಬಂದ ಮಿಷನರಿ ಲಿವಿಂಗ್‌ಸ್ಟನ್ ಹುಟ್ಟಿದ ಊರಿಂದ. ಅವರು 1852ರಲ್ಲಿ ಹೆಂಡತಿ ಮಕ್ಕಳನ್ನ ಹಡಗು ಹತ್ತಿಸಿ ಬ್ರಿಟನ್ನಿಗೆ ಕಳಿಸಿದ್ರು, ಆ ಮೇರಿಯಮ್ಮ ನಾಲ್ಕು ವರ್ಷ ಅಲ್ಲಿ ಇಲ್ಲಿ ಅಲೆದು ಒಂಟಿತನಕ್ಕೆ ಕುಡಿಯೋಕೂ ಶುರು ಮಾಡಿದ್ರಂತೆ, 1862ರಲ್ಲಿ ಕೊನೆಗೂ ಗಂಡನ ಹತ್ರ ಬಂದು ಮೂರು ತಿಂಗಳಾಗಿತ್ತಷ್ಟೇ, ಜಾಂಬೆಜಿ ದಡದ ಶುಪಾಂಗದಲ್ಲಿ ಜ್ವರಕ್ಕೆ ಹೋಗ್ಬಿಟ್ರು. ಹೆದರಿಸೋಕೆ ಬರೀತಿಲ್ಲಪ್ಪ. ಹೆದರಿರೋನು ನಾನು.

ಹಾ, ಜ್ವರ ಅಂದಾಗ ನೆನಪಾಯ್ತು. ಮಲೇರಿಯಾ ಬರದಿರಲಿ ಅಂತ ವಾರಕ್ಕೊಂದು ಮಾತ್ರೆ ತಗೊಳ್ತಿದೀರಾ? ಅದು ಮೆಫ್ಲೋಕ್ವಿನ್ ಆಗಿದ್ರೆ ಕೆಲವರಿಗೆ ಕೆಟ್ಟ ಕನಸು, ಮಂಕು, ಸುಮ್ಮಸುಮ್ಮನೆ ಹೆದರಿಕೆ ಬರುತ್ತೆ. ನೀವಾಗೇ ನಿಲ್ಲಿಸಬೇಡಿ, ತಡನೂ ಮಾಡಬೇಡಿ, ಡಾಕ್ಟರ ಹತ್ರ ಹೋಗಿ ಹೀಗೆ ಮಾತು ಕಮ್ಮಿಯಾಗಿದೆ ಅಂತ ಹೇಳಿ, ಬೇರೆ ಮಾತ್ರೆ ಇದಾವೆ. ನಾನು ಡಾಕ್ಟರ್ ಅಲ್ಲ, ನಿನ್ನ ಹೆಂಡತಿ ನರ್ಸು, ಅವಳಿಗೇ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಆದ್ರೂ ತನ್ನ ವಿಷಯಕ್ಕೆ ಬಂದ್ರೆ ನರ್ಸುಗಳೂ ಸುಮ್ಮನಿರ್ತಾರೆ.

ಇಲ್ಲಿ ವಾರ್ಡಲ್ಲಿ ಮೂವತ್ತು ಪೇಷೆಂಟನ್ನ ನೋಡ್ಕೊತಿದ್ದೋಳು, ಅಲ್ಲಿ ಬರೀ ನಿನ್ನ ಹೆಂಡತಿ. ಅವಳ ನರ್ಸಿಂಗ್ ರಿಜಿಸ್ಟ್ರೇಷನ್‌ಗೆ ಏನೇನು ಬೇಕು ಅಂತ ಯಾರನ್ನಾದ್ರೂ ಕೇಳಿದೀಯಾ? ಆಗುತ್ತೋ ಇಲ್ಲವೋ ಆಮೇಲಿನ ಮಾತು, ಕೇಳೋಕೆ ಅವಳ ಜೊತೆ ನೀನೂ ಹೋಗು.

ನಿಮ್ಮ ಚಿಚೆವಾನೂ ನಮ್ಮ ಚಿಪಾಟದ ನ್ಯಾಂಜಾನೂ ಒಂದೇ ಭಾಷೆ. ಬೆಳಿಗ್ಗೆ ಸಿಕ್ಕೋರಿಗೆಲ್ಲ ಮ್ವಜುಕ ಬ್ವಾಂಜಿ ಅಂತೀವಿ, ಹೇಗೆ ಎದ್ರಿ ಅಂತ. ನಾನು ದಾರೀಲಿ ಸೈಕಲ್ ನಿಲ್ಲಿಸಿ ನಿಲ್ಲಿಸಿ ಎಲ್ಲರನ್ನೂ ಕೇಳ್ತಿದ್ದೆ, ಉಚ್ಚಾರಣೆ ಬಲು ಚೆನ್ನಾಗಿದೆ ಅಂತ ಹೊಗಳ್ತಿದ್ರು. ಮನೇಲಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೋಳನ್ನ ಕೇಳಿದ ನೆನಪಿಲ್ಲ. ಅವಳನ್ನ ಆಚೆ ತಂದಿದ್ದು ನಾನಲ್ಲ, ನನ್ನ ಪ್ರಾರ್ಥನೆನೂ ಅಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಪಕ್ಕದ ಮನೆ ಅಜ್ಜಿ. ಒಂದಿನ ಸೀದಾ ಒಳಗೆ ಬಂದು ಕೈ ಹಿಡಿದು ಎಳ್ಕೊಂಡು ಹೋಗಿ ಜೋಳದ ಹಿಟ್ಟಿನ ಮುದ್ದೆ ತಿರುವೋಕೆ ಕೂರಿಸಿದ್ರು, ಇವಳು ತಿರುವಿದ ರೀತಿಗೆ ಆ ಅಜ್ಜಿ ಬಿದ್ದು ಬಿದ್ದು ನಕ್ರು, ಇವಳೂ ನಕ್ಳು. ಬೇಲಿ ಆಚೆಯಿಂದ ಆ ನಗು ಕೇಳಿ ಯಾರೋ ನೆಂಟರು ಬಂದಿದಾರೆ ಅಂದ್ಕೊಂಡೆ ನಾನು. ನನ್ನ ಹೆಂಡತಿ ನಗೋ ದನಿ ನನಗೇ ಮರೆತು ಹೋಗಿತ್ತು ನೋಡು.

ಅದಕ್ಕೇ, ಎಲ್ಲಾ ಕಡೆ ನೀನೇ ಅವಳಿಗೆ ಟ್ರಾನ್ಸ್‌ಲೇಟ್ ಮಾಡ್ಬೇಡ. ಭಾಷೆ ಹೇಳಿಕೊಡೋರು ಇಬ್ಬರಿಗೂ ಇರಲಿ, ಬೇಕಾದ್ರೆ ನಿನ್ನ ಕ್ಲಾಸು ಒಂದು ತಿಂಗಳು ಹಿಂದೆ ಬೀಳಲಿ. ವಾರದಲ್ಲಿ ಒಂದಿನ ಸೇವೆ ಬೇಡ, ಎಲ್ಲಾದ್ರೂ ಹೋಗಿ ಬನ್ನಿ. ಒಂದು ವೇಳೆ ಅವಳು ವಾಪಸ್ ಹೋಗೋಣ ಅಂದ್ರೆ ತಕ್ಷಣ ಬೈಬಲ್ ತೆಗೀಬೇಡ, ಪೂರ್ತಿ ಹೇಳೋಕೆ ಬಿಡು. ಪ್ರವಾದಿ ಎಲೀಯ ಸಾಕು ಅಂತ ಗಿಡದ ಕೆಳಗೆ ಬಿದ್ಕೊಂಡಾಗ ದೇವದೂತ ಬಂದು ಮೊದಲು ರೊಟ್ಟಿ ನೀರು ತಾನೇ ಕೊಟ್ಟಿದ್ದು. ನೋಡು, ಉಪದೇಶ ಮಾಡ್ಬೇಡ ಅಂತ ಹೇಳ್ತಾ ನಾನೇ ಮಾಡ್ತಿದೀನಿ.

ದೊಡ್ಡಮ್ಮ ಇದ್ದಿದ್ರೆ ಅವಳೇ ಬರೀತಿದ್ಲು, ನಾಲ್ಕೇ ಸಾಲಲ್ಲಿ ಮುಗಿಸ್ತಿದ್ಲು. ಈ ಲೆಟರ್ ನಿನ್ನ ಹೆಂಡತಿಗೆ ತೋರಿಸ್ಬೇಕಾ ಬೇಡ್ವಾ ನನಗೆ ತಿಳೀತಿಲ್ಲ, ನಿನಗೆ ಬಿಟ್ಟಿದ್ದು. ಭಾನುವಾರ ಫೋನ್ ಮಾಡ್ತೀಯಲ್ಲ, ಮೊದಲು ಅವಳ ಕೈಗೆ ಕೊಟ್ಟು ನೀನು ಹೊರಗೆ ಹೋಗು. ನಿಮಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ನಿಮ್ಮ ಸಂಜೆ ಏಳು ಅಂದ್ರೆ ಇಲ್ಲಿ ಹತ್ತೂವರೆ, ಪರವಾಗಿಲ್ಲ, ಎದ್ದಿರ್ತೀನಿ. ಅವಳು ಮಾತಾಡದೇ ಇದ್ರೂ ಲೈನ್ ಕಟ್ ಮಾಡ್ಬೇಡಿ.

ನಿನ್ನ ದೊಡ್ಡಪ್ಪ