ತಾಂಡೇಲರ ಕಲ್ಲುಗಳನ್ನೂ ನಕ್ಷೆಗೆ ಹಾಕಿ

ಸಂಪಾದಕರೇ,

ಹೋದ ಭಾನುವಾರ ಕರಾವಳಿ ನಕ್ಷೆ ಬಗ್ಗೆ ನೀವು ಹಾಕಿದ್ದ ಅರ್ಧ ಪುಟದ ಲೇಖನ ಓದಿದೆ. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳಿಗೂ ಓದಿ ಹೇಳಿದೆ. ಲೇಖನ ಚೆನ್ನಾಗಿತ್ತು. ನನ್ನ ತಕರಾರು ಏನಿದ್ದರೂ ಜೊತೆಗಿದ್ದ ನಕ್ಷೆಯದು. ದಡದಲ್ಲಿ ಗದ್ದೆಗೊಂದು ಬಣ್ಣ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೊಂದು, ಮರಳು ದಿಬ್ಬಕ್ಕೊಂದು, ಊರಿಗೊಂದು. ನೀರು ಶುರುವಾದ ಕೂಡಲೇ ಎಲ್ಲಾ ಒಂದೇ ನೀಲಿ.

ಇದು ನಿಮ್ಮ ತಪ್ಪಲ್ಲ ಬಿಡಿ. ಕರಾವಳಿ ನಿಯಂತ್ರಣ ವಲಯದ ಕಾನೂನೇ ಹಾಗಿದೆ. ಕಡಲು ಇಳಿದಾಗ ನೀರು ನಿಲ್ಲುವ ಗೆರೆಯಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ನೀರೂ ಅದರ ತಳವೂ ಸೇರಿ ನಾಲ್ಕನೇ ವಲಯ. ಹವಳ, ಕಡಲ ಹುಲ್ಲು ಇಂಥವಿದ್ದರೆ ಅದಕ್ಕೆ ಬೇರೆ ಲೆಕ್ಕ. ಉಳಿದದ್ದೆಲ್ಲ ಒಂದೇ ಚೀಲಕ್ಕೆ.

ನಾನು ಅಂಕೋಲೆಯವನು. ಇಲ್ಲಿ ಗೋವಾದ ಬೆತಿಂನಲ್ಲಿ, ಮಾಲಿಂ ಜೆಟ್ಟಿ ಹತ್ತಿರ, 19 ವರ್ಷದಿಂದ ಬೋಟುಗಳ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುತ್ತೇನೆ. ಈ ಬೋಟುಗಳಲ್ಲಿ ನಮ್ಮ ಕಡೆಯ ಜನ ಸಾಕಷ್ಟಿದ್ದಾರೆ. ಅದಕ್ಕೇ ಈ ಮಾತನ್ನು ಕನ್ನಡ ಪತ್ರಿಕೆಗೇ ಬರೆಯುತ್ತಿದ್ದೇನೆ.

ಫಿಶ್ ಫೈಂಡರ್ ಮೀನು ತೋರಿಸುವ ಮಷೀನು ಅಂತ ಜನ ತಿಳಿದಿದ್ದಾರೆ. ತಾಂಡೇಲರು, ಅಂದರೆ ಬೋಟು ನಡೆಸುವವರು, ಅದರಲ್ಲಿ ನೋಡುವುದು ಜಾಸ್ತಿ ತಳವನ್ನೇ. ಬೋಟಿನ ಅಡಿಯಿಂದ ಸದ್ದು ಬಿಡುತ್ತದೆ, ತಳಕ್ಕೆ ಬಡಿದು ವಾಪಸ್ ಬರುತ್ತದೆ. ಉಪ್ಪು ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹೋಗಿ ಬಂದ ಸಮಯದ ಅರ್ಧ ಹಿಡಿದರೆ ಆಳ ಸಿಕ್ಕಿತು. ಆದರೆ ಸದ್ದು ಬರೀ ಆಳ ಹೇಳುವುದಿಲ್ಲ. ಅಡಿಯಲ್ಲಿ ಕಲ್ಲಿದ್ದರೆ ಪರದೆ ಮೇಲೆ ದಪ್ಪ ಕೆಂಪು ಪಟ್ಟಿ, ಅದರ ಕೆಳಗೆ ಉದ್ದ ಬಾಲ. ಗಟ್ಟಿ ತಳವಾದರೆ ಎರಡು ಪಟ್ಟು ಆಳದಲ್ಲಿ ಅದೇ ಪಟ್ಟಿ ಇನ್ನೊಮ್ಮೆ ಮಸುಕಾಗಿ ಕಾಣುತ್ತದೆ. ಸದ್ದು ತಳಕ್ಕೂ ನೀರಿನ ಮೇಲ್ಮೈಗೂ ನಡುವೆ ಎರಡು ಸಲ ಓಡಾಡಿದ್ದಕ್ಕೆ ಹಾಗೆ. ಕೆಸರಾದರೆ ಪಟ್ಟಿ ತೆಳ್ಳಗೆ, ಬಾಲ ಮೊಂಡು. ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ವಾಪಸ್ ಬಂದ ಸದ್ದನ್ನು ಜೋರು ಮಾಡುವ ಗೇನ್ ಗುಂಡಿ ಜಾಸ್ತಿ ತಿರುಗಿಸಿಟ್ಟರೆ ಕೆಸರೂ ಕಲ್ಲಿನ ಹಾಗೆ ಕಾಣುತ್ತದೆ. ಮಷೀನು ಕೆಟ್ಟಿದೆ ಅಂತ ತಂದ ಎಷ್ಟೋ ಸೆಟ್ಟುಗಳಲ್ಲಿ ನಾನು ಮಾಡಿದ್ದು ಆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದು ಅಷ್ಟೇ. (ಅದಕ್ಕೆ ಚಹಾ ಬಿಟ್ಟು ಬೇರೆ ಚಾರ್ಜು ತಗೊಂಡಿಲ್ಲ.)

ಈಗ ನಾನು ಮಾಡಿದ ಒಂದು ಅನ್ಯಾಯ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ನನಗೆ ಅದೇ ಸೀಸನ್ನು. ಮೇಜಿನ ಮೇಲೆ ಹದಿನೈದು ಸೆಟ್ಟು ಸಾಲಾಗಿ ಕೂತಿದ್ದವು. ಅದರಲ್ಲಿ ಹೊನ್ನಾವರ ಕಡೆಯ ಒಬ್ಬ ಹಿರಿಯ ತಾಂಡೇಲರ ಪ್ಲಾಟರ್ ಒಂದು, ಅಂದರೆ ಕಡಲಿನ ಜಾಗಗಳನ್ನು ಗುರುತು ಹಾಕಿಡುವ ಜಿಪಿಎಸ್ ಸೆಟ್ಟು. ಆನ್ ಆಗುತ್ತಿತ್ತು, ಅಲ್ಲೇ ಸ್ತಬ್ಧವಾಗುತ್ತಿತ್ತು. ಹೊರಗೆ ಮಳೆ, ಒಳಗೆ ಗಡಿಬಿಡಿ. ನಾನು ಸುಮ್ನೆ ಫ್ಯಾಕ್ಟರಿ ರೀಸೆಟ್ ಹೊಡೆದೆ. ಸೆಟ್ಟು ಹೊಸದರ ಹಾಗೆ ಎದ್ದು ಕೂತಿತು. ಒಳಗಿನ ಗುರುತುಗಳನ್ನು ಮೊದಲು ಕಾರ್ಡಿಗೆ ತೆಗೆದಿಟ್ಟುಕೊಳ್ಳಬೇಕು ಅನ್ನುವುದು ಆಮೇಲೆ ನೆನಪಾಯಿತು.

ಸಂಜೆ ಅವರು ಬಂದರು. ಸೆಟ್ಟು ಆನ್ ಮಾಡಿ ನೋಡಿದರು. ಖಾಲಿ ನೀಲಿ ಪರದೆ. ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಕೇಳಿದರು: "ತಮ್ಮಾ, ನನ್ನ ಕಲ್ಲುಗಳೆಲ್ಲಾ ಎಲ್ಲಿ ಹೋದ್ವು?"

ಮುನ್ನೂರಕ್ಕೂ ಹೆಚ್ಚು ಗುರುತು ಇದ್ದವಂತೆ. ಬಲೆ ಸಿಕ್ಕಿ ಹರಿದ ಜಾಗ, ಯಾವುದೋ ಮುಳುಗಿದ ಕಬ್ಬಿಣ, ನಂಗು ಮೀನು ಸಿಗುವ ಕೆಸರು, ಬೊಂಡಾಸ್ (ಸ್ಕ್ವಿಡ್) ಬರುವ ಮರಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ಇಡೀ ಮಳೆಗಾಲ, ವಾರಕ್ಕೆ ಎರಡು ಮೂರು ಸಂಜೆ, ಅವರು ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಅಕ್ಷಾಂಶ ರೇಖಾಂಶ ಅವರಿಗೆ ಬಾಯಿಗೆ ಬರುವುದಿಲ್ಲ. ಅವರದು ದಡದ ಗುರುತು. ಅಗ್ವಾದಾ ದೀಪದ ಮೇಲೆ ಹಿಂದಿನ ಗುಡ್ಡದ ತುದಿ ಬರಬೇಕು. ಆ ಕಡೆ ಗ್ರಾಂಡೆ ದ್ವೀಪಕ್ಕೂ ಮುರ್ಗಾಂವ ಗುಡ್ಡಕ್ಕೂ ನಡುವೆ ಒಂದು ಬೋಟಿನಷ್ಟು ನೀರು ಕಾಣಬೇಕು. ಅಲ್ಲಿ ಎಂಟು ಮಾರು ಆಳ, ಚಿಪ್ಪಿನ ಚೂರು ಬೆರೆತ ಮರಳು, ಬಡಗಣಕ್ಕೆ ಸ್ವಲ್ಪ ಸರಿದರೆ ಕಲ್ಲು. ಅವರ ಅಪ್ಪನ ಕಾಲದಲ್ಲಿ ಈಯದ ಗುಂಡನ್ನು ಹಗ್ಗಕ್ಕೆ ಕಟ್ಟಿ, ಅದರ ಅಡಿಗೆ ಬಾರ್ ಸೋಪು ಮೆತ್ತಿ ಇಳಿಸುತ್ತಿದ್ದರಂತೆ. ಮೇಲೆ ಎತ್ತಿದಾಗ ಸೋಪಿಗೆ ಮರಳು ಅಂಟಿದ್ದರೆ ಮರಳು, ಕೆಸರು ಅಂಟಿದ್ದರೆ ಕೆಸರು, ಏನೂ ಅಂಟದೆ ಸೋಪು ಜಜ್ಜಿದ್ದರೆ ಕಲ್ಲು. ಮಾರು ಅಂದರೆ ಎರಡು ಕೈ ಚಾಚಿದಷ್ಟು, ಆರು ಅಡಿ. ಇದನ್ನು ಹೇಳುವಾಗ ಅವರು ನಿಜಕ್ಕೂ ಎದ್ದು ನಿಂತು ಕೈ ಚಾಚಿ ತೋರಿಸಿದರು. ನನ್ನ ಸಣ್ಣ ಅಂಗಡಿಯಲ್ಲಿ ಒಂದು ಕೈ ಸೋಲ್ಡರಿಂಗ್ ಸ್ಟ್ಯಾಂಡಿಗೆ ತಾಗಿತು.

ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದಾಗ ಗೊತ್ತಾಯಿತು, ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಸಾಮಾನು ದೊಡ್ಡದು ಅಷ್ಟೇ. ನಮ್ಮ ಸೆಟ್ಟು ನೇರ ಕೆಳಗೆ ಒಂದು ಕಡೆ ಮಾತ್ರ ನೋಡಿದರೆ, ಅವರ ಮಲ್ಟಿಬೀಮ್ ಬೀಸಣಿಗೆ ಬಿಚ್ಚಿದ ಹಾಗೆ ನೂರಾರು ಕಡೆ ಒಟ್ಟಿಗೆ ಸದ್ದು ಕೇಳುತ್ತದೆ. ಆಳದ ಜೊತೆಗೆ, ವಾಪಸ್ ಬಂದ ಸದ್ದು ಎಷ್ಟು ಜೋರಿದೆ ಅನ್ನುವುದನ್ನೂ ಬರೆದಿಡುತ್ತದೆ. ಆಮೇಲೆ ಅಲ್ಲಲ್ಲಿ ಎರಡು ದವಡೆಯ ಕಬ್ಬಿಣದ ಬಕೆಟ್ಟು ಇಳಿಸಿ ತಳದ ಮಣ್ಣು ಕಚ್ಚಿ ತರುತ್ತಾರೆ. ಜರಡಿ ಹಿಡಿದು ಹುಳ, ಚಿಪ್ಪು ಎಣಿಸುತ್ತಾರೆ. ಕಾಳಿನ ಗಾತ್ರ 2 ಮಿಲಿಮೀಟರಿಗಿಂತ ದಪ್ಪವಾದರೆ ಜಲ್ಲಿ, ಅದಕ್ಕಿಂತ ಸಣ್ಣದು ಮರಳು, 0.063ಕ್ಕಿಂತಲೂ ಸಣ್ಣದಾದರೆ ಕೆಸರು. ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಬೆಳಕು ಎಲ್ಲಿವರೆಗೆ ಇಳಿಯುತ್ತದೆ, ಅಲೆಯ ಹೊಡೆತ ಎಷ್ಟು, ಯಾವ ಜೀವಿ ಅಲ್ಲಿ ಮನೆ ಮಾಡಿದೆ, ಇದೆಲ್ಲ ಸೇರಿಸಿ ತಳವನ್ನು ವರ್ಗ ಮಾಡುತ್ತಾರೆ. ನಾರ್ವೆಯವರು ಮರೆಯಾನೊ ಅನ್ನುವ ಯೋಜನೆಯಲ್ಲಿ 2005ರಿಂದ ತಮ್ಮ ಕಡಲನ್ನು ಹೀಗೆ ನೋಡುತ್ತಾ ಬಂದಿದ್ದಾರೆ. ನಕ್ಷೆಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ನಮ್ಮಲ್ಲೂ ವಿದ್ಯೆ ಇಲ್ಲ ಅಂತಲ್ಲ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಶುರುವಾಗಿದ್ದು 1966ರಲ್ಲಿ. ಅದು ಇರುವುದು ನನ್ನ ಅಂಗಡಿಯಿಂದ ಮಾಂಡವಿ ನದಿ ದಾಟಿದರೆ ಸಿಗುವ ದೋನಾ ಪಾವ್ಲಾದಲ್ಲಿ. ಕಷ್ಟ ಏನೆಂದರೆ, ಸಮುದ್ರದ ಕೆಲಸದಲ್ಲಿ ಆಳಕ್ಕಿಂತ ದಡದ ಹತ್ತಿರವೇ ಹೆಚ್ಚು ಹೊತ್ತು ತಿನ್ನುತ್ತದೆ. ಮಲ್ಟಿಬೀಮ್ ಒಂದು ಓಟದಲ್ಲಿ ಗುಡಿಸುವ ಅಗಲ ಅಲ್ಲಿನ ಆಳದ ಸುಮಾರು ಮೂರು ನಾಲ್ಕು ಪಟ್ಟು. ಸಾವಿರ ಮೀಟರ್ ಆಳದಲ್ಲಿ ಒಂದೇ ಓಟಕ್ಕೆ ಮೂರು ಕಿಲೋಮೀಟರ್ ಸಿಕ್ಕರೆ, ಹತ್ತು ಮೀಟರ್ ನೀರಿನಲ್ಲಿ ಸಿಗುವುದು ಮೂವತ್ತು ನಲವತ್ತು ಮೀಟರ್. ಉಳುವ ಹಾಗೆ ಸಾಲು ಸಾಲಾಗಿ ಹೋಗಬೇಕು. ನಮ್ಮ ಬಲೆ, ಲಂಗರು, ಡ್ರೆಜ್ಜರು, ಡೈವಿಂಗ್ ಬೋಟು ಹೆಚ್ಚಾಗಿ ಓಡಾಡುವುದು ದಡದ ಹತ್ತಿರದ ಇಂಥ ನೀರಿನಲ್ಲೇ. ಉಪಗ್ರಹದಿಂದ ನೋಡೋಣ ಅಂದರೆ ಮಾಂಡವಿ, ಜುವಾರಿ ನದಿಗಳು ತರುವ ಕೆಂಪು ನೀರು ಅಡ್ಡ.

ಇಲ್ಲಿ ಇನ್ನೊಂದು ಮಾತು. ಕಲ್ಲು, ಹವಳ ಅಂದರೆ ಎಲ್ಲರಿಗೂ ಕನಿಕರ. ಗ್ರಾಂಡೆ ದ್ವೀಪದ ಹವಳದ ಫೋಟೋ ಪೇಪರಿನಲ್ಲಿ ಬರುತ್ತದೆ. ಕೆಸರಿನ ಫೋಟೋ ಯಾರು ಹಾಕುತ್ತಾರೆ? ಆದರೆ ಗೋವಾದ ಹಳೆ ಮನೆಗಳ ಕಿಟಕಿ ನೋಡಿ. ಗಾಜಿನ ಬದಲು ಅಂಗೈ ಅಗಲದ ತೆಳ್ಳನೆ ಚಿಪ್ಪು ಕೂರಿಸಿರುತ್ತಾರೆ, ಬೆಳಕು ಹಾಲಿನ ಹಾಗೆ ಒಳಗೆ ಬರುತ್ತದೆ. ಆ ಚಿಪ್ಪಿನ ಜೀವಿ ಬೆಳೆಯುವುದು ಕೆಸರಿನ ಮೇಲೆ ಚಪ್ಪಟೆಯಾಗಿ ಮಲಗಿ. ಜುವಾರಿಯ ಚಿಕಾಲಿಂ ಕೊಲ್ಲಿಯಲ್ಲಿ ಅದು ಇದೆ. ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆಯೂ ಇದೆ. ನಕ್ಷೆಯಲ್ಲಿ ಆ ಜಾಗಕ್ಕೆ ಬರೀ "ಕೆಸರು" ಅಂತ ಬರೆದರೆ, ಹೂಳೆತ್ತುವವನಿಗೆ ಅದು ಹೂಳು. ಅದಕ್ಕೇ ಕೆಸರಿನಲ್ಲೂ ಯಾವ ಕೆಸರು, ಅದರಲ್ಲಿ ಯಾರಿದ್ದಾರೆ ಅಂತ ಬರೆಯಬೇಕು.

ನಾನು ಕೇಳುವುದು ಸಣ್ಣದು. ತಳದ ಸರ್ವೆಗೆ ಹೊರಡುವ ಬೋಟಿನಲ್ಲಿ ಆ ನೀರಿನ ಒಬ್ಬ ತಾಂಡೇಲನನ್ನು ಕೂಲಿ ಕೊಟ್ಟು ಕೂರಿಸಿಕೊಳ್ಳಿ. ಬಕೆಟ್ಟು ಎಲ್ಲಿ ಇಳಿಸಬೇಕು ಅಂತ ಅವನನ್ನೂ ಕೇಳಿ. ನಕ್ಷೆ ಆದ ಮೇಲೆ ಕೊಂಕಣಿಯಲ್ಲಿ, ಕನ್ನಡದಲ್ಲಿ ಹೆಸರು ಬರೆದು ಜೆಟ್ಟಿಯ ಗೋಡೆಗೆ ಹಚ್ಚಿ. ತಪ್ಪಿದ್ದರೆ ಅಲ್ಲೇ ಬೈದು ಹೇಳುತ್ತಾರೆ.

ತಾಂಡೇಲರಿಗೆ ಎಲ್ಲಾ ಗೊತ್ತು ಅಂತ ನಾನು ಹೇಳುವುದಿಲ್ಲ. ಬಲೆ ಎಳೆಯದ ಜಾಗ ಅವರಿಗೂ ಕತ್ತಲೆ. ಬಲೆ ಎಳೆದೂ ಎಳೆದೂ ತಳ ಹಾಳು ಮಾಡಿದ್ದರಲ್ಲಿ ನಮ್ಮ ಗಿರಾಕಿಗಳ ಪಾಲೂ ಇದೆ, ಆ ಸೆಟ್ಟು ರಿಪೇರಿ ಮಾಡಿದ ನನ್ನ ಪಾಲೂ ಇದೆ. ಇನ್ನೊಂದು ತೊಡಕು: ಕಲ್ಲಿನ ಗುರುತು ಅವರ ಬಂಡವಾಳ. ಪಕ್ಕದ ಬೋಟಿನವನಿಗೇ ಹೇಳುವುದಿಲ್ಲ, ಸರ್ಕಾರಕ್ಕೆ ಹೇಳುತ್ತಾರಾ? ಹೇಳಿದ ಮರುವರ್ಷ ಅದೇ ಜಾಗಕ್ಕೆ "ಪ್ರವೇಶ ಇಲ್ಲ" ಅಂತ ಗೆರೆ ಎಳೆದರೆ ಅನ್ನುವ ಭಯ ಬೇರೆ. ಆ ಭಯ ಸುಳ್ಳಲ್ಲ. ಯಾವ ಗುರುತು ನಕ್ಷೆಯಲ್ಲಿ ಕಾಣಬೇಕು, ಯಾವುದು ಕಡತದಲ್ಲೇ ಇರಬೇಕು ಅನ್ನುವುದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಆ ನೋಟ್‌ಬುಕ್ಕು ಈಗಲೂ ನನ್ನ ಡ್ರಾಯರಿನಲ್ಲಿದೆ. ನೆನಪಿನಿಂದ ವಾಪಸ್ ಸಿಕ್ಕಿದ್ದು 212 ಗುರುತು. ತಾಂಡೇಲರು ಈಗ ಕಡಲಿಗೆ ಹೋಗುತ್ತಿಲ್ಲ, ಊರಲ್ಲೇ ಇದ್ದಾರೆ. ತನ್ನನ್ನು ಕೇಳದೆ ಯಾರಿಗೂ ತೋರಿಸಬೇಡ ಅಂದಿದ್ದಾರೆ. ಸರ್ವೆಯವರು ಯಾರಾದರೂ ಈ ಪತ್ರ ಓದಿದರೆ ಜೂನ್‌ನಲ್ಲಿ ಬನ್ನಿ, ನಾನೇ ಹೊನ್ನಾವರಕ್ಕೆ ಕರೆದುಕೊಂಡು ಹೋಗುತ್ತೇನೆ. ಉಳಿದ ತಾಂಡೇಲರೂ ಆಗ ಊರಲ್ಲಿ ಸಿಗುತ್ತಾರೆ. ಆಗಸ್ಟ್ 1 ದಾಟಿದರೆ ಯಾರೂ ಸಿಗುವುದಿಲ್ಲ.

ಇಂತಿ,
ಫಿಶ್ ಫೈಂಡರ್ ರಿಪೇರಿಯ ನಿಮ್ಮ ಓದುಗ
ಬೆತಿಂ, ಗೋವಾ