ಸ್ಲೈಡ್ ಸ್ಕ್ಯಾನರ್: ಡಬ್ಬಿಯ ಮೇಲಿನ ಅಂಕಿ ನಂಬಬೇಡಿ

ಮಾನ್ಯರೆ,

ಹಳೆಯ ಫೋಟೊ ಸ್ಲೈಡುಗಳನ್ನು ಡಿಜಿಟಲ್ ಮಾಡಿಡಲು ಸ್ಕ್ಯಾನರ್ ಹುಡುಕುವವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲಿನ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ) ಅಂಕಿಯ ಮೇಲೆ. ದಾರಿ ತಪ್ಪಿಸುವುದೂ ಅದೇ. 6400 ಎಂದು ಬರೆದುಕೊಂಡ ಫ್ಲಾಟ್‌ಬೆಡ್ (ಗಾಜಿನ ಹಾಸಿನ) ಯಂತ್ರ ಸ್ಲೈಡಿನಿಂದ ನಿಜಕ್ಕೂ ಹೆಕ್ಕುವ ವಿವರ ಎಷ್ಟೋ ಸಲ 1500ರಿಂದ 2300 ಡಿಪಿಐ ಮಟ್ಟ ದಾಟುವುದಿಲ್ಲ. ಸೆನ್ಸರ್ ಅಷ್ಟು ಚುಕ್ಕಿ ಎಣಿಸಬಹುದು, ಅದರ ಮುಂದಿರುವ ಲೆನ್ಸ್‌ಗೆ ಆ ತಾಕತ್ತಿರುವುದಿಲ್ಲ. ಮಿಕ್ಕಿದ್ದು ಫೈಲ್ ಉಬ್ಬಿಸುವ ಪೊಳ್ಳು ಪಿಕ್ಸೆಲ್.

35 ಎಂಎಂ ಸ್ಲೈಡಿನಲ್ಲಿ ಚಿತ್ರವಿರುವ ಜಾಗ 24×36 ಮಿ.ಮೀ. ನಿಜವಾದ 2400 ಡಿಪಿಐ ಸಿಕ್ಕರೆ ಸುಮಾರು 3400×2270 ಪಿಕ್ಸೆಲ್. 11 ಇಂಚು ಅಗಲದ ಪ್ರಿಂಟ್‌ಗೆ ಧಾರಾಳ. 4000 ಸಿಕ್ಕರೆ 21 ಮೆಗಾಪಿಕ್ಸೆಲ್. ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದ ಮನೆಮಂದಿಯ ಚಿತ್ರಗಳಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಫಿಲಂನಲ್ಲೇ ಇರುವುದು ಅಪರೂಪ. ಪರೀಕ್ಷೆ ಸುಲಭ: ದೂರದ ತಂತಿ, ನಾಮಫಲಕ ಇರುವ ಸ್ಲೈಡೊಂದನ್ನು 2400ರಲ್ಲೂ ಯಂತ್ರದ ಗರಿಷ್ಠ ಅಂಕಿಯಲ್ಲೂ ಸ್ಕ್ಯಾನ್ ಮಾಡಿ, ಎರಡನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಎರಡನೆಯದರಲ್ಲಿ ಫಿಲಂನ ಕಣ ಚೂಪಾಗದಿದ್ದರೆ ಆ ಗರಿಷ್ಠಕ್ಕೆ ಬೆಲೆ ಇಲ್ಲ.

ಡಿಮ್ಯಾಕ್ಸ್, ಅಂದರೆ ಯಂತ್ರ ಎಷ್ಟು ದಟ್ಟ ಕಪ್ಪಿನವರೆಗೆ ವಿವರ ಓದಬಲ್ಲದು ಎಂಬ ಅಂಕಿಯ ಕಥೆಯೂ ಅಷ್ಟೆ. 4.8 ಎಂದು ಬರೆದಿದ್ದರೆ ಅದು 16 ಬಿಟ್‌ನಿಂದ ಕಾಗದದ ಮೇಲೆ ಹಾಕಿದ ಲೆಕ್ಕ, ಅಳೆದದ್ದಲ್ಲ. ಸ್ಲೈಡಿನ ಕಪ್ಪು ನೆಗೆಟಿವ್‌ಗಿಂತ ಬಹಳ ದಟ್ಟ. ಹಾಗಾಗಿ ಕಪ್ಪು ಕೋಟು, ಗಾಢ ಕೂದಲಿರುವ ಸ್ಲೈಡನ್ನೇ ಒಡ್ಡಿ. ನೆರಳಿನಲ್ಲಿ ಬಣ್ಣಬಣ್ಣದ ಮರಳು ಚೆಲ್ಲಿದಂತೆ ಕಂಡರೆ ಆ ಯಂತ್ರ ಬೇಡ.

ಕೊಡಾಕ್‌ನ ಹಳೆಯ ಕೊಡಾಕ್ರೋಮ್ ಫಿಲಂನ ಸ್ಲೈಡ್ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಡಿಜಿಟಲ್ ಐಸ್‌ನಂಥ ಧೂಳು ತೆಗೆಯುವ ವ್ಯವಸ್ಥೆ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತದೆ. ಎಕ್ಟಾಕ್ರೋಮ್‌ನಂಥ ಇ-6 ಎಂಬ ವಿಧಾನದಲ್ಲಿ ಸಂಸ್ಕರಿಸುವ ಫಿಲಂಗಳ ಬಣ್ಣ ಆ ಬೆಳಕನ್ನು ಹಾದುಹೋಗಲು ಬಿಡುತ್ತದೆ, ಧೂಳು ಮತ್ತು ಗೀರು ತಡೆಯುತ್ತವೆ. ಅಲ್ಲಿಗೆ ಕಲೆ ಎಲ್ಲಿದೆ ಎಂಬುದು ಯಂತ್ರಕ್ಕೆ ಗೊತ್ತಾಗುತ್ತದೆ. ಕೊಡಾಕ್ರೋಮ್‌ನ ದಟ್ಟ ಭಾಗಗಳೂ ಅವಗೆಂಪನ್ನು ತಡೆಯುವುದರಿಂದ ರೆಪ್ಪೆ, ಕೊಂಬೆಯಂಥ ಸಣ್ಣ ಕಪ್ಪು ಗೆರೆಯನ್ನೇ ಕಲೆ ಎಂದು ಅಳಿಸಿಹಾಕೀತು. ಬೆಳ್ಳಿ ಉಳಿದಿರುವ ಕಪ್ಪು-ಬಿಳುಪು ಫಿಲಂಗಂತೂ ಇದು ಆಗುವುದೇ ಇಲ್ಲ. ಗುರುತು ಹಚ್ಚಲು ಚೌಕಟ್ಟಿನ ಮೇಲಿನ ಹೆಸರು ಸಾಕು. ಚೌಕಟ್ಟು ಬದಲಾಗಿದ್ದರೆ ಮಂಕು ಬದಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ; ಕೊಡಾಕ್ರೋಮ್‌ನಲ್ಲಿ ಚಿತ್ರ ಕೆತ್ತಿದಂತೆ ಉಬ್ಬಿ ಕಾಣುತ್ತದೆ.

ರಟ್ಟಿನ ಚೌಕಟ್ಟಿನಲ್ಲಿ ಫಿಲಂ ನಡುವೆ ಬಾಗಿರುತ್ತದೆ. ಫೋಕಸ್ ಹೊಂದಿಸಲಾಗದ ಯಂತ್ರದಲ್ಲಿ ನಡು ಚೂಪಾಗಿ ಮೂಲೆ ಮಸುಕಾಗಲು ಇದೇ ಕಾರಣ. ಗಾಜಿನ ಚೌಕಟ್ಟಾದರೆ ಎಣ್ಣೆ ತೇಲಿದಂತೆ ಬಣ್ಣದ ಉಂಗುರ ಮೂಡಬಹುದು. ಫಿಲಂ ಬಿಡಿಸಿ ಗಾಜಿಲ್ಲದ ಚೌಕಟ್ಟಿಗೆ ಹಾಕಿ.

ಸೆಕೆಂಡುಗಳಲ್ಲಿ ಮುಗಿಸುವ ಪುಟ್ಟ ಡಬ್ಬಿ ಯಂತ್ರಗಳು ಏನೇನಿದೆ ಎಂದು ನೋಡಿಕೊಳ್ಳಲಷ್ಟೇ ಸರಿ. ಅವುಗಳಲ್ಲಿ ಸಾಮಾನ್ಯವಾಗಿ ಜೆಪೆಗ್ ಮಾತ್ರ, ಬಿಳಿ ಮೋಡದ ವಿವರ ಅಳಿಸಿಹೋಗಿ ಬರೀ ಬಿಳಿ ಉಳಿದಿರುತ್ತದೆ. ತಯಾರಿಕೆ ನಿಂತಿರುವ ನಿಕಾನ್ ಕೂಲ್‌ಸ್ಕ್ಯಾನ್ ಫಿಲಂ ಸ್ಕ್ಯಾನರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಒಳ್ಳೆಯದೇ, ಆದರೆ ಕಪ್ಪು-ಬಿಳುಪು ಕೂಡುವ ಅಂಚನ್ನು ಪರೀಕ್ಷಿಸಿ. ಬೆಳಕು ಕಪ್ಪಿನೊಳಕ್ಕೆ ಹಾಲು ಸೋರಿದಂತೆ ಹರಡಿದ್ದರೆ ಒಳಗಿನ ಕನ್ನಡಿಗೆ ಧೂಳು ಕೂತಿದೆ. ಹಳೆಯ ತಂತ್ರಾಂಶ ಹೊಸ ಕಂಪ್ಯೂಟರ್‌ಗೆ ಒಗ್ಗದಿದ್ದರೆ ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ನೆರವಾಗುತ್ತದೆ.

ಸ್ಲೈಡೊಂದಕ್ಕೆ ನಾಲ್ಕು ನಿಮಿಷವೆಂದರೂ 1000ಕ್ಕೆ ಸುಮಾರು 67 ಗಂಟೆ! ರಾಶಿ ದೊಡ್ಡದಿದ್ದು ಕ್ಯಾಮೆರಾ ಕೈಯಲ್ಲಿದ್ದರೆ 1:1 (ವಸ್ತುವಿನಷ್ಟೇ ಗಾತ್ರದ ಬಿಂಬ ಕೊಡುವ) ಮ್ಯಾಕ್ರೊ ಲೆನ್ಸ್, ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95ಕ್ಕಿಂತ ಹೆಚ್ಚಿನ ಎಲ್‌ಇಡಿ ಹಲಗೆ, ಗಟ್ಟಿ ಸ್ಟ್ಯಾಂಡ್ ಬಳಸಿ ಸ್ಲೈಡಿನ ಫೋಟೊ ತೆಗೆಯುವುದೇ ಮೇಲು. ಎಫ್/8, ಐಎಸ್ಒ 100, ರಾ ಫೈಲ್, ಎರಡು ಸೆಕೆಂಡ್ ಟೈಮರ್. ಸ್ಲೈಡಿನ ಜಾಗದಲ್ಲಿ ಕನ್ನಡಿ ಇಟ್ಟು ನೋಡಿ. ಲೆನ್ಸ್‌ನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಕ್ಯಾಮೆರಾ ಸಮಾಂತರವಾಗಿದೆ. ಹಲಗೆಯನ್ನು ಸ್ಲೈಡಿಗೆ ಅಂಟಿಸದೆ ಕೆಲವು ಸೆಂಟಿಮೀಟರ್ ಕೆಳಗಿಡಿ, ಅದರ ಮೇಲಿನ ಧೂಳು ಚಿತ್ರಕ್ಕೆ ಬರುವುದಿಲ್ಲ. ಈ ದಾರಿಯಲ್ಲಿ ಅವಗೆಂಪಿನ ಸಹಾಯವಿಲ್ಲ, ಆದ್ದರಿಂದ ಪ್ರತಿ ಸ್ಲೈಡಿಗೂ ಮೊದಲು ಗಾಳಿ ಊದುವ ರಬ್ಬರ್ ಬಲ್ಬ್, ಆಮೇಲೆ ಮೆತ್ತನೆ ಬ್ರಷ್. ಬೂಷ್ಟು ಹಿಡಿದ ಸ್ಲೈಡಿಗೆ ಮಾತ್ರ ನೀರು ತಾಗಿಸಬೇಡಿ. ಚಿತ್ರವನ್ನು ಹಿಡಿದಿಟ್ಟ ಜೆಲಟಿನ್ ಪದರ ಬೂಷ್ಟು ತಿಂದಿದ್ದರೆ ನೀರಿಗೆ ಕರಗಿ ಚಿತ್ರವೇ ಎದ್ದುಬರುತ್ತದೆ.

– ಫೋಟೊ ಸಂಗ್ರಹಗಳ ಡಿಜಿಟಲೀಕರಣದಲ್ಲಿ ತೊಡಗಿರುವವರು