ಹುಲ್ಲಿನ ನಕ್ಷತ್ರ ಕಟ್ಟುವ ಬಗೆ: ಗೆಳೆಯನಿಗೊಂದು ಪತ್ರ

ಸ್ಟುಟ್‌ಗಾರ್ಟ್, ನವೆಂಬರ್ ಕೊನೆಯ ವಾರ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಕಳೆದ ವರ್ಷ ನಾನು ಕಳಿಸಿದ್ದ ಚಿತ್ರದಲ್ಲಿ ನಮ್ಮ ಮನೆಯ ಕ್ರಿಸ್‌ಮಸ್ ಮರದ ತುಂಬ ತೂಗುತ್ತಿದ್ದ ಹೊಂಬಣ್ಣದ ನಕ್ಷತ್ರಗಳನ್ನು ಯಾವುದರಿಂದ ಮಾಡಿದ್ದೆಂದು ನಿನ್ನ ಮಗಳು ಕೇಳಿದ್ದಾಳೆ. ಈ ಸಲ ತನ್ನ ಗೆಳತಿಯ ಮನೆಯ ಮರಕ್ಕೆ ಅಂಥದ್ದನ್ನೇ ಕೈಯಾರೆ ಮಾಡಿಕೊಡಬೇಕೆಂಬ ಆಸೆ ಅವಳಿಗೆ ಎಂದು ಬರೆದಿದ್ದೀಯ. ಅವು ಹುಲ್ಲಿನವು, ಗೆಳೆಯಾ. ಗೋಧಿ ಅಥವಾ ರೈ ಧಾನ್ಯದ ಒಣಗಿದ ಕಡ್ಡಿಯನ್ನು ಕೆಂಪು ದಾರದಿಂದ ಕಟ್ಟಿದವು. ಜರ್ಮನಿಯ ಮನೆಗಳಲ್ಲಿ ಇವು ತೀರ ಸಾಮಾನ್ಯ. ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಿದ ಹುಲ್ಲನ್ನು ಇವು ನೆನಪಿಸುತ್ತವೆ ಎಂದು ಇಲ್ಲಿನವರು ಹೇಳುತ್ತಾರೆ. ಸಾಗರದಲ್ಲಿ ಭತ್ತದ ತೆನೆಯ ತೋರಣ ಹೆಣೆಯುವ ನಿನ್ನ ಅಮ್ಮ ಮನೆಯಲ್ಲಿರುವಾಗ ಈ ವಿದ್ಯೆಯನ್ನು ನಾನು ಹೇಳಿಕೊಡಬೇಕಾಗಿ ಬಂದದ್ದು ನನಗೆ ಸ್ವಲ್ಪ ಸಂಕೋಚವನ್ನೇ ಉಂಟುಮಾಡಿದೆ. ಆದರೂ ತಿಳಿದಷ್ಟನ್ನು ಬರೆಯುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಡ್ಡಿಯ ಆಯ್ಕೆ. ಯಂತ್ರದಲ್ಲಿ ಕೊಯ್ದ ಹುಲ್ಲು ನಜ್ಜುಗುಜ್ಜಾಗಿರುತ್ತದೆ, ಅದು ಈ ಕೆಲಸಕ್ಕೆ ಬಾರದು. ಕುಡುಗೋಲಿನಲ್ಲಿ ಕೊಯ್ದ, ಬಡಿಯುವುದಕ್ಕೆ ಮೊದಲೇ ಬೇರೆ ತೆಗೆದಿಟ್ಟ ನೆಟ್ಟನೆಯ ಕಡ್ಡಿಗಳು ಬೇಕು. ಪ್ರತಿ ಕಡ್ಡಿಯ ಗೆಣ್ಣುಗಳನ್ನು ಕತ್ತರಿಸಿ ತೆಗೆದು, ಎರಡು ಗೆಣ್ಣುಗಳ ನಡುವಿನ ಟೊಳ್ಳು ಭಾಗವನ್ನು ಮಾತ್ರ ಇಟ್ಟುಕೊಂಡು, ಅದನ್ನು ಸುತ್ತಿಕೊಂಡಿರುವ ಒಣ ಎಲೆಯನ್ನು ಸುಲಿದುಬಿಡಬೇಕು. ಎಲೆಯಡಿಯ ಕಡ್ಡಿಯ ಮೈ ರೇಷ್ಮೆಯ ಹಾಗೆ ಹೊಳೆಯುತ್ತದೆ. ಆ ಹೊಳಪೇ ನಕ್ಷತ್ರದ ಚೆಲುವು, ಅದಕ್ಕೆ ಬಣ್ಣ ಬಳಿಯಬಾರದು. ಇವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆಯಾದರೂ ನೆನೆಸಬೇಕು. ಒಣ ಕಡ್ಡಿಯನ್ನು ಬಗ್ಗಿಸಲು ಹೋದರೆ ಸಿಡಿದು ಸೀಳಿಹೋಗುತ್ತದೆ, ನೆನೆದದ್ದು ಹೇಳಿದಂತೆ ಕೇಳುತ್ತದೆ. ನೆನೆದ ಕಡ್ಡಿಯನ್ನು ಚಾಕುವಿನ ತುದಿಯಿಂದ ಉದ್ದಕ್ಕೆ ಸೀಳಿ, ಬಿಡಿಸಿ, ಒಳಮೈ ಮೇಲಾಗುವಂತೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರೆ ಚಪ್ಪಟೆ ಪಟ್ಟಿಯಾಗುತ್ತದೆ. ಇಸ್ತ್ರಿಯ ಬಿಸಿ ಹೆಚ್ಚಿದಷ್ಟೂ ಪಟ್ಟಿಯ ಬಣ್ಣ ಹೊನ್ನಿನಿಂದ ಕಂದಿಗೆ ತಿರುಗುತ್ತದೆ, ಆದ್ದರಿಂದ ಒಂದೇ ಹುಲ್ಲಿನಿಂದ ಎರಡು ಮೂರು ಛಾಯೆಗಳು ಸಿಗುತ್ತವೆ. ಈ ಕೆಲಸ ನಿನ್ನದಾಗಿರಲಿ, ಮಗಳ ಕೈಗೆ ಇಸ್ತ್ರಿ ಕೊಡಬೇಡ.

ಇನ್ನು ಕಟ್ಟುವುದು. ಹತ್ತು ಸೆಂಟಿಮೀಟರ್ ಉದ್ದದ ನಾಲ್ಕು ಪಟ್ಟಿಗಳು ಸಾಕು. ಎರಡನ್ನು ಅಡ್ಡ ಮತ್ತು ಉದ್ದಕ್ಕೆ ಇಟ್ಟು, ಅವುಗಳ ಮೇಲೆ ಉಳಿದೆರಡನ್ನು ಓರೆಯಾಗಿ ಇಟ್ಟರೆ ಎಂಟು ಎಸಳುಗಳಾಗುತ್ತವೆ. ನಡುವನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು, ದಾರವನ್ನು ಮೇಲಿನ ಜೋಡಿಯ ಎಸಳುಗಳ ಮೇಲಿನಿಂದಲೂ ಕೆಳಗಿನ ಜೋಡಿಯ ಎಸಳುಗಳ ಅಡಿಯಿಂದಲೂ ಹಾಯಿಸುತ್ತ ಒಂದು ಸುತ್ತು ಬಂದು, ಹಿಂಬದಿಯಲ್ಲಿ ಬಿಗಿಯಾಗಿ ಗಂಟು ಹಾಕಬೇಕು. ಮೇಲೆ, ಕೆಳಗೆ, ಮೇಲೆ, ಕೆಳಗೆ: ಈ ಲಯ ಒಂದು ಕಡೆ ತಪ್ಪಿದರೂ ಪಟ್ಟಿಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ನಾನು ಮೊದಲ ಸಲ ಕಟ್ಟಿದ ಆರು ನಕ್ಷತ್ರಗಳಲ್ಲಿ ನಾಲ್ಕು ಮರುದಿನ ಬೆಳಗಿನ ಹೊತ್ತಿಗೆ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿದ್ದವು. ಹುಲ್ಲು ಒಣಗುತ್ತ ಕುಗ್ಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಒದ್ದೆ ಇರುವಾಗ ಬಿಗಿ ಎನಿಸಿದ ಗಂಟು ಒಣಗಿದ ಮೇಲೆ ಸಡಿಲವಾಗುತ್ತದೆ. ಆದ್ದರಿಂದ ಇಸ್ತ್ರಿ ಮಾಡಿದ ಪಟ್ಟಿಗಳು ಪೂರ್ತಿ ಒಣಗಿದ ಮೇಲೆಯೇ ಕಟ್ಟಿ. ದಾರದ ತುದಿಗಳನ್ನು ಕತ್ತರಿಸದೆ ಕುಣಿಕೆ ಮಾಡಿ ಬಿಟ್ಟರೆ ತೂಗುಹಾಕಲು ಬೇರೆ ಏನೂ ಬೇಕಿಲ್ಲ. ಕೊನೆಗೆ ಪ್ರತಿ ಎಸಳಿನ ತುದಿಯನ್ನು ಕತ್ತರಿಯಿಂದ ಚೂಪು ಮಾಡಿದಾಗ, ಅಲ್ಲಿಯವರೆಗೆ ಬರಿಯ ಹುಲ್ಲಾಗಿದ್ದದ್ದು ಒಮ್ಮೆಗೇ ನಕ್ಷತ್ರವಾಗುತ್ತದೆ. ಆ ಗಳಿಗೆಯನ್ನು ಮಗಳಿಗೇ ಬಿಟ್ಟುಕೊಡು.

ನಿಮ್ಮಲ್ಲಿ ಮರವೆಂದರೆ ಬಹುಶಃ ಗಾಳಿಮರದ ಟೊಂಗೆಯೇ ಇರಬೇಕು. ಅದರ ಎಳೆಗಳು ಭಾರ ತಾಳುವುದಿಲ್ಲವಾದ್ದರಿಂದ ತೂಕವೇ ಇಲ್ಲದ ಹುಲ್ಲಿನ ನಕ್ಷತ್ರ ಅದಕ್ಕೆ ಹೇಳಿ ಮಾಡಿಸಿದಂತಿದೆ. ಉಪ್ಪು ಹಿಟ್ಟಿನ ಬಿಲ್ಲೆಗಳನ್ನೂ ನಾವು ಮಾಡುತ್ತೇವೆ: ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟಕ್ಕೆ ತುಸು ಕಡಿಮೆ ನೀರು ಹಾಕಿ ನಾದಿ, ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, ದಾರಕ್ಕೆ ತೂತು ಮಾಡಿ, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸುವುದು. ಆದರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಹವೆಯಲ್ಲಿ ಅವು ಮೆತ್ತಗಾಗಿಬಿಡುವ ಭಯವಿದೆ, ಮಾಡಿದರೆ ವಾರ್ನಿಶ್ ಬಳಿಯಲೇಬೇಕು. ಅದಕ್ಕಿಂತ ಕಿತ್ತಳೆಯ ಬಿಲ್ಲೆಗಳು ಮೇಲು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು ಒಣಗಿಸಿ, ಒಂದು ತುಂಡು ದಾಲ್ಚಿನ್ನಿಯ ಜೊತೆ ಪೋಣಿಸಿದರೆ ಬೆಳಕಿಗೆ ಹಿಡಿದಾಗ ಬಣ್ಣದ ಗಾಜಿನಂತೆ ಕಾಣುತ್ತದೆ. ಆ ಪರಿಮಳದಲ್ಲಿ ನನಗೆ ಇಲ್ಲಿನ ಡಿಸೆಂಬರ್‌ಗಿಂತ ನಿಮ್ಮ ಮನೆಯ ಹಿತ್ತಲೇ ಹೆಚ್ಚು ನೆನಪಾಗುತ್ತದೆ.

ಅಂಗಡಿಯಲ್ಲಿ ಚೆಂದದ ಗಾಜಿನ ಗೋಲಗಳು ಸಿಗುವಾಗ ಇಷ್ಟು ಶ್ರಮವೇಕೆ ಎಂದು ನೀನು ಕೇಳಿದ್ದೀಯ. ಆ ಗೋಲಗಳೂ ಮನೆಯಲ್ಲಿಯೇ ಹುಟ್ಟಿದವು ಎಂದರೆ ನಿನಗೆ ಆಶ್ಚರ್ಯವಾದೀತು. ಜರ್ಮನಿಯ ತ್ಯೂರಿಂಗಿಯಾ ಪ್ರಾಂತ್ಯದ ಕಾಡಿನ ನಡುವೆ ಲೌಶಾ ಎಂಬ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಶುರುವಾಯಿತು, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಿನವರು ಕ್ರಿಸ್‌ಮಸ್ ಮರಕ್ಕೆಂದೇ ಗೋಲಗಳನ್ನು ಊದತೊಡಗಿದರು. ಮರಕ್ಕೆ ಕಟ್ಟಲು ಸೇಬು, ಅಕ್ರೋಟು ಕೊಳ್ಳುವ ಶಕ್ತಿಯಿಲ್ಲದ ಬಡ ಕೆಲಸಗಾರನೊಬ್ಬ ಅವುಗಳ ಬದಲಿಗೆ ಗಾಜಿನ ಹಣ್ಣುಗಳನ್ನು ಊದಿದನಂತೆ ಎಂಬ ಕತೆ ಅಲ್ಲಿದೆ. ಕತೆ ಹೇಗೇ ಇರಲಿ, ಮನೆಯ ಕೋಣೆಯಲ್ಲೇ ದೀಪದ ಉರಿಯ ಮುಂದೆ ಅಪ್ಪ ಊದಿದ ಗೋಲದೊಳಕ್ಕೆ ಅಮ್ಮ ಬೆಳ್ಳಿಯ ದ್ರಾವಣ ಸುರಿದು, ಮಕ್ಕಳು ಬಣ್ಣ ಹಚ್ಚಿ ಕೊಕ್ಕೆ ಸಿಕ್ಕಿಸುತ್ತಿದ್ದ ಸಂಸಾರಗಳು ಅಲ್ಲಿ ಅನೇಕವಿದ್ದವು. 1880ರ ದಶಕದಲ್ಲಿ ಅಮೆರಿಕದ ವೂಲ್‌ವರ್ತ್ ಅಂಗಡಿಗಳು ಜರ್ಮನಿಯ ಗಾಜಿನ ಅಲಂಕಾರಗಳನ್ನು ಮಾರತೊಡಗಿದವು. ಗಾಜಿಗೂ ಹಿಂದೆ ಇದ್ದದ್ದು ಕಾಗದ ಮತ್ತು ತಿನಿಸು: 1605ರಲ್ಲಿ ಸ್ಟ್ರಾಸ್‌ಬರ್ಗಿನ ಮನೆಗಳಲ್ಲಿ ಮರಕ್ಕೆ ಬಣ್ಣಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ಮಿಠಾಯಿ ಕಟ್ಟುತ್ತಿದ್ದರೆಂಬ ಬರಹ ಉಳಿದಿದೆ. ಅಂದರೆ ಅಡುಗೆಮನೆಯಲ್ಲಿ, ಕಣದಲ್ಲಿ ಏನಿತ್ತೋ ಅದನ್ನೇ ಮರಕ್ಕೇರಿಸಿದರು. ಗೌರಿಹಬ್ಬದ ಹಿಂದಿನ ಸಂಜೆ ನಿನ್ನ ಅಮ್ಮ ಹತ್ತಿಯನ್ನು ಹೊಸೆದು ಗೆಜ್ಜೆವಸ್ತ್ರ ಮಾಡುತ್ತಿದ್ದಾಗ ನಾವಿಬ್ಬರೂ ಪಕ್ಕದಲ್ಲಿ ಕೂತು ಕುಂಕುಮ ಹಚ್ಚಿಕೊಡುತ್ತಿದ್ದೆವಲ್ಲ, ನಮ್ಮ ಮನೆಯ ಮೇಜಿನ ಸುತ್ತ ಮಕ್ಕಳು ಹುಲ್ಲು ಹಿಡಿದು ಕೂತಾಗ ನನಗೆ ಕಾಣುವುದು ಅದೇ ಸಂಜೆ. ಕೊಂಡು ತಂದ ಗೋಲ ಒಡೆದರೆ ಇನ್ನೊಂದು ತರುತ್ತೇವೆ. ಮೂರು ವರ್ಷದ ಹಿಂದೆ ನನ್ನ ಮಗ ಓರೆಕೋರೆಯಾಗಿ ಕಟ್ಟಿದ ನಕ್ಷತ್ರವನ್ನು ಮಾತ್ರ ಪ್ರತಿ ಜನವರಿ 6ರಂದು ಮರ ತೆಗೆಯುವಾಗ ಮೆತ್ತನೆಯ ಕಾಗದದಲ್ಲಿ ಸುತ್ತಿ ಇಡುತ್ತೇವೆ.

ನಿಮ್ಮಲ್ಲಿ ಈಗ ಭತ್ತದ ಕೊಯ್ಲಿನ ಕಾಲ. ಭತ್ತದ ಕಡ್ಡಿ ಗೋಧಿಯದಕ್ಕಿಂತ ಸಣ್ಣ. ಸೀಳಿ ಚಪ್ಪಟೆ ಮಾಡಲು ಕಷ್ಟವಾದರೆ ಸೀಳದೆ, ಮೂರು ಮೂರು ಕಡ್ಡಿಗಳನ್ನು ಒಂದೊಂದು ಎಸಳಾಗಿ ಸೇರಿಸಿ ಕಟ್ಟಿ ನೋಡಿ. ಎಲ್ಲಿ ತೊಡಕಾದರೂ ಅಮ್ಮನನ್ನು ಕೇಳು, ತೆನೆಯನ್ನು ಮುರಿಯದೆ ಬಗ್ಗಿಸುವುದು ಅವರ ಬೆರಳಿಗೆ ಗೊತ್ತು. ಮಗಳು ಕಟ್ಟಿದ ಮೊದಲ ನಕ್ಷತ್ರದ ಚಿತ್ರ ಕಳಿಸು. ಮತ್ತೆ, ಅಮ್ಮ ಈ ವರ್ಷ ತೋರಣ ಹೆಣೆಯುವಾಗ ಒಂದು ಗೇಣು ಉದ್ದದ್ದನ್ನು ನನಗೂ ತೆಗೆದಿಡಲು ಹೇಳು; ಬೇಸಿಗೆಯಲ್ಲಿ ಬಂದಾಗ ಒಯ್ಯುತ್ತೇನೆ, ಮುಂದಿನ ಡಿಸೆಂಬರ್ 24ರಂದು ಅದು ನಮ್ಮ ಮರದ ಮೇಲಿರುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ, ಮಗಳಿಗೆ ಪ್ರೀತಿ.

ಇಂತು ನಿನ್ನ ಗೆಳೆಯ